ನಾರ್ವಾದ ಗಾಡಿಗಳ ಹಿಂದೆ

ನನ್ನ ಕೆಲಸ ಸಿಕ್ಕಿಹಾಕಿಕೊಳ್ಳುವುದು. ತಮಾಷೆಯಲ್ಲ, ಅದಕ್ಕೇ ಸಂಬಳ ಕೊಡುತ್ತಾರೆ. ಡಬ್ಲಿನ್‌ನಿಂದ ಒಂದೂವರೆ ಗಂಟೆ ದೂರದ ಅತ್ಲೋನ್ ಪೇಟೆಯಲ್ಲಿ ನೆಲಹಾಸು ಮಾರುವ ಅಂಗಡಿಯೊಂದರ ಮಹಡಿಯ ಮೇಲೆ ಹನ್ನೊಂದು ಜನರ ಸಣ್ಣ ಕಂಪನಿಯೊಂದಿದೆ. ಅಲ್ಲಿ ಕಂಪ್ಯೂಟರ್ ಆಟ ತಯಾರಾಗುತ್ತದೆ. ತಯಾರಾದ ಆಟದೊಳಗೆ ಹೊಕ್ಕು, ಗೋಡೆಗಳಿಗೆ ಮೈ ಉಜ್ಜುತ್ತ, ಮೂಲೆಮೂಲೆಗೂ ತಲೆ ತೂರಿಸುತ್ತ, ಆಡುವವನು ಎಲ್ಲಿ ಹೊರಬರಲಾರದೆ ನಿಂತುಬಿಡುತ್ತಾನೋ ಆ ಜಾಗವನ್ನು ಹುಡುಕಿ ಬರೆದಿಡುವುದು ನನ್ನ ಪಾಲಿನ ಕೆಲಸ. ಅಂಥ ಜಾಗಕ್ಕೆ ನಮ್ಮ ಕಸುಬಿನಲ್ಲಿ ಸ್ಟಕ್ ಸ್ಪಾಟ್ ಎನ್ನುತ್ತಾರೆ. ಮೂವತ್ತೊಂಬತ್ತು ವರ್ಷದ ಹೆಂಗಸು ದಿನಕ್ಕೆ ಎಂಟು ಗಂಟೆ ಗೋಡೆಗೆ ಡಿಕ್ಕಿ ಹೊಡೆಯುತ್ತಾಳೆ ಎಂದರೆ ಊರಲ್ಲಿ ಯಾರೂ ನಂಬುವುದಿಲ್ಲ. ನನ್ನ ತಾಯಿ ಕೇಳಿದವರಿಗೆಲ್ಲ ‘ಕಂಪ್ಯೂಟರ್‌ನಾಗೆ ಅದಾಳೆ’ ಎಂದು ಹೇಳಿ ಮುಗಿಸುತ್ತಾಳೆ.

ನನ್ನ ಹೆಸರು ದ್ರಾಕ್ಷಾಯಿಣಿ. ಆಫೀಸಿನವರ ಬಾಯಿಗೆ ಅದು ದೊಡ್ಡ ತುತ್ತಾಯಿತು, ಹಾಗಾಗಿ ‘ಡೀ’ ಎನ್ನುತ್ತಾರೆ. ನನ್ನ ಜೊತೆ ಇದೇ ಕೆಲಸ ಮಾಡುವ ನೂಮಾನ್ ಬೆಂಗಳೂರಿನ ಹುಡುಗ. ಇಲ್ಲೇ ಓದಿ ಇಲ್ಲೇ ಕೆಲಸ ಹಿಡಿದವನು. ಅವನಿಗೆ ನಾನು ಅಕ್ಕ.

ಒಂದು ವರ್ಷದಿಂದ ನಾವಿಬ್ಬರೂ ಸಿಕ್ಕಿಕೊಂಡಿರುವುದು ನಾರ್ವಾ ಎಂಬ ಊರಿನಲ್ಲಿ. ಇಸವಿ ಸಾವಿರದ ಏಳುನೂರು, ನವೆಂಬರ್ ತಿಂಗಳು. ನದಿಯ ದಂಡೆಯ ಮೇಲಿನ ಈ ಕೋಟೆ ಸ್ವೀಡನ್ನಿನವರದು. ಅದಕ್ಕೆ ಮುತ್ತಿಗೆ ಹಾಕಿ ಕೂತವರು ರಷ್ಯದವರು, ಮೂವತ್ತು ಸಾವಿರಕ್ಕೂ ಮಿಕ್ಕಿ. ಕೋಟೆಯವರು ಹೊರಗೆ ಬರದ ಹಾಗೆ ಮಣ್ಣಿನ ಗೋಡೆಯೊಂದನ್ನು ಎತ್ತಿದರು. ಹೊರಗಿನಿಂದ ಯಾರೂ ಕೋಟೆಯ ನೆರವಿಗೆ ಬರದ ಹಾಗೆ ತಮ್ಮ ಬೆನ್ನ ಹಿಂದೆ ಇನ್ನೊಂದನ್ನು ಎತ್ತಿದರು. ಎರಡರ ನಡುವೆ ಡೇರೆ ಹೊಡೆದರು. ಗೋಡೆಗಳ ಎರಡು ತುದಿಗೂ ನದಿ, ಆ ನದಿಗೆ ಒಂದೇ ಸೇತುವೆ.

ಕೋಟೆ ಬಿಡಿಸಲು ಸ್ವೀಡನ್ನಿನಿಂದ ಬಂದವರು ಸುಮಾರು ಹತ್ತು ಸಾವಿರ ಜನ. ಅವತ್ತು ಹಿಮಗಾಳಿ ಅವರ ಬೆನ್ನಿಗಿತ್ತು, ರಷ್ಯದವರ ಕಣ್ಣಿಗಿತ್ತು. ಗಾಳಿ ಬಂದಾಗ ತೂರಿಕೋ ಎನ್ನುತ್ತಾರಲ್ಲ, ಹಾಗೆ ತೂರಿಕೊಂಡರು. ಹೊರಗಿನ ಗೋಡೆ ಮುರಿಯಿತು. ತಮ್ಮನ್ನು ಕಾಯಲಿ ಎಂದು ಕಟ್ಟಿಕೊಂಡ ಗೋಡೆಗಳೇ ಈಗ ರಷ್ಯದವರನ್ನು ಓಡಲು ಬಿಡಲಿಲ್ಲ. ಸಾವಿರಾರು ಜನ ಒಟ್ಟಿಗೆ ಸೇತುವೆಗೆ ನುಗ್ಗಿದರು, ಭಾರಕ್ಕೆ ಅದು ಕುಸಿಯಿತು. ಉಳಿದವರು ಸಾಮಾನಿನ ಗಾಡಿಗಳನ್ನು ಅಡ್ಡ ನಿಲ್ಲಿಸಿಕೊಂಡು ಅವುಗಳ ಹಿಂದೆ ನಿಂತರು. ಅತ್ತ ದರಿ, ಇತ್ತ ಪುಲಿ.

ಆ ಗಾಡಿಗಳನ್ನು ಆಟದಲ್ಲಿ ನಿಲ್ಲಿಸಿದ್ದು ನಮ್ಮ ಕಂಪನಿ. ಅವುಗಳ ಸಂದಿಯಲ್ಲಿ ಎಷ್ಟು ಸಲ ಸಿಕ್ಕಿಕೊಂಡಿದ್ದೇನೆ ಎಂಬುದನ್ನು ನಾನು ಲೆಕ್ಕ ಇಟ್ಟಿಲ್ಲ.

ಇನ್ನು ಮನೆಯ ಯುದ್ಧ. ಅದರಲ್ಲಿ ಯಾವಾಗಲೂ ಗೆಲ್ಲುವವಳು ನಾನು.

ನನ್ನ ಗಂಡ ಸುರೇಶ ದಾವಣಗೆರೆಯ ಹೈಸ್ಕೂಲೊಂದರಲ್ಲಿ ಹದಿನೆಂಟು ವರ್ಷ ಸಮಾಜ ಪಾಠ ಮಾಡಿದ ಮೇಷ್ಟ್ರು. ನಮಗೆ ಮಕ್ಕಳಿಲ್ಲ, ಆ ಮಾತನ್ನು ಇಬ್ಬರೂ ಆಡಿ ಮುಗಿಸಿದ್ದೇವೆ. ಮೊದಲು ನಾನು ಇಲ್ಲಿಗೆ ಓದಲು ಬಂದೆ, ಕೆಲಸ ಹಿಡಿದೆ, ಆಮೇಲೆ ಅವರನ್ನು ಕರೆಸಿಕೊಂಡೆ. ಶಾಲೆಯ ಆಡಳಿತ ಮಂಡಳಿ ದೊಡ್ಡ ಮನಸ್ಸು ಮಾಡಿ ಎರಡು ವರ್ಷ ಸಂಬಳವಿಲ್ಲದ ರಜೆ ಕೊಟ್ಟಿತ್ತು. ‘ಎರಡು ವರ್ಷ ನೋಡಿ, ಹಿಡಿಸದಿದ್ದರೆ ವಾಪಸ್ ಹೋಗುವಿರಂತೆ’ ಎಂದು ಹೇಳಿದ್ದವಳು ನಾನೇ. ಇಲ್ಲೂ ಮೇಷ್ಟ್ರಾಗಬೇಕೆಂದು ಅವರು ಅರ್ಜಿ ಹಾಕಿದರು. ಪ್ರತಿ ಸಲವೂ ಅವರ ಕಡತದಲ್ಲಿ ಯಾವುದೋ ಒಂದು ಕಾಗದ ಕಡಿಮೆ ಬೀಳುತ್ತಿತ್ತು. ಕೊನೆಗೆ ಸೂಪರ್‌ಮಾರ್ಕೆಟ್‌ನಲ್ಲಿ ಬೆಳಿಗ್ಗೆ ಆರರಿಂದ ಹನ್ನೊಂದರವರೆಗೆ ಕಪಾಟು ತುಂಬುವ ಕೆಲಸಕ್ಕೆ ಸೇರಿಕೊಂಡರು. ಅದು ಮುಗಿದ ಮೇಲೆ ಶಾನನ್ ನದಿಯ ಸೇತುವೆಯವರೆಗೆ ನಡೆದು, ಸ್ವಲ್ಪ ಹೊತ್ತು ನಿಂತು, ಗ್ರಂಥಾಲಯಕ್ಕೆ ಹೋಗಿ, ಮನೆಗೆ ಬಂದು ಸಾರಿಗೆ ಬೇಳೆ ಇಡುತ್ತಾರೆ. ಹೇಗಿದ್ದೀರಿ ಎಂದು ಕೇಳಿದರೆ ‘ಗ್ರಾಂಡ್’ ಎನ್ನುತ್ತಾರೆ, ಚೆನ್ನಾಗಿದ್ದೇನೆ ಎನ್ನುವುದಕ್ಕೆ ಇಲ್ಲಿನ ಮಾತು. ಈ ದೇಶದಲ್ಲಿ ಕಾಲು ಮುರಿದುಕೊಂಡವನೂ ಗ್ರಾಂಡ್, ಮನೆ ಸುಟ್ಟುಹೋದವನೂ ಗ್ರಾಂಡ್. ಎರಡು ವರ್ಷದಲ್ಲಿ ನನ್ನ ಗಂಡ ಇಲ್ಲಿನವರಿಂದ ಕಲಿತದ್ದು ಅದೊಂದೇ ಮಾತು.

ಏಪ್ರಿಲ್‌ನಲ್ಲಿ ಶಾಲೆಯಿಂದ ಪತ್ರ ಬಂತು. ರಜೆ ಮುಗಿಯುತ್ತಿದೆ, ಜೂನ್ ಒಂದಕ್ಕೆ ಹಾಜರಾಗುವುದಾದರೆ ತಿಳಿಸಿ, ಇಲ್ಲವಾದರೆ ಮೇ ಹದಿನೈದರೊಳಗೆ ರಾಜೀನಾಮೆ ಕಳಿಸಿ, ಬೇರೆಯವರನ್ನು ತೆಗೆದುಕೊಳ್ಳಬೇಕು. ಮೇ ಹದಿನೈದು ಶುಕ್ರವಾರ.

‘ರಾಜೀನಾಮೆ ಕೊಟ್ಬಿಡಿ ರೀ,’ ಎಂದೆ. ‘ಇನ್ನು ಹದಿನಾಲ್ಕು ತಿಂಗಳು ತಳ್ಳಿದ್ರೆ ನನ್ನ ವರ್ಕ್ ಪರ್ಮಿಟ್ ಈ ಕಂಪನಿಗೆ ಅಂಟ್ಕೊಂಡಿರೋದು ತಪ್ಪುತ್ತೆ. ಆಮೇಲೆ ಎಲ್ಲಿ ಬೇಕಾದ್ರೂ ಹೋಗ್ಬಹುದು. ಕಾರ್ಕ್‌ನಲ್ಲಿ, ಲಿಟಲ್ ಐಲ್ಯಾಂಡ್ ಕಡೆ, ಎಷ್ಟೊಂದು ಕಂಪನಿ ಐತೆ. ನಿಮ್ಗೂ ಏನಾದ್ರೂ ಸಿಗುತ್ತೆ.’

‘ಏನಾದ್ರೂ ಅಂದ್ರೆ ಏನು?’

‘ಏನಾದ್ರೂ ರೀ.’

‘ಅಲ್ಲ ಕಣೇ, ನಾನು ಮೊದ್ಲು ಹೋಗಿ, ನೀನು ಆಮೇಲೆ ನೋಡ್ಕೊಂಡು...’

‘ಒಬ್ರೇ ಹೋಗಿ ಏನ್ ಮಾಡ್ತೀರಿ? ಜನ ಏನಂತಾರೆ? ಮೇಷ್ಟ್ರು ಹೆಂಡ್ತಿ ಬಿಟ್ಟು ಬಂದ್ರು ಅಂತಾರೆ. ಬೇಕಾ ಅದು?’

ಜನ ಏನಂತಾರೆ ಎಂದು ನಾನು ಹುಟ್ಟಿದ ಮೇಲೆ ಒಮ್ಮೆಯೂ ತಲೆ ಕೆಡಿಸಿಕೊಂಡವಳಲ್ಲ. ಜಗಳದಲ್ಲಿ ಕೈಗೆ ಸಿಕ್ಕಿದ್ದನ್ನು ಎಸೆಯುವುದು ನನ್ನ ಅಭ್ಯಾಸ. ಗಂಡನಿಗೆ ನಾನು ‘ರೀ’ ಎನ್ನದೆ ಮಾತು ಶುರು ಮಾಡುವುದಿಲ್ಲ, ‘ನೀವು’ ಬಿಟ್ಟು ‘ನೀನು’ ಎಂದದ್ದಿಲ್ಲ. ಬಹುವಚನದಲ್ಲೇ ಸೋಲಿಸುತ್ತೇನೆ. ಅವರು ಸುಮ್ಮನಾದರು. ಮೌನಂ ಸಮ್ಮತಿ ಲಕ್ಷಣಂ ಎಂದುಕೊಂಡು ರಾಜೀನಾಮೆಯನ್ನು ನಾನೇ ಟೈಪ್ ಮಾಡಿ, ಪ್ರಿಂಟ್ ತೆಗೆದು, ಫ್ರಿಡ್ಜಿನ ಬಾಗಿಲಿಗೆ ಮ್ಯಾಗ್ನೆಟ್ ಒತ್ತಿ ಅಂಟಿಸಿದೆ. ಸಹಿಯೊಂದು ಬಾಕಿ ಇತ್ತು.

ಅವರು ನಾರ್ವಾ ಓದಲು ಶುರು ಮಾಡಿದ್ದೂ ನನ್ನ ಸಲುವಾಗಿಯೇ. ‘ನೀನು ದಿನಾ ಎಲ್ಲಿಗೆ ಹೋಗ್ತೀಯೋ ನಂಗೂ ಗೊತ್ತಿರ್ಲಿ’ ಎಂದು ಗ್ರಂಥಾಲಯದಿಂದ ಎರಡು ದಪ್ಪ ಪುಸ್ತಕ ತಂದರು. ಇನ್ನೂರು ಪುಟದ ನೋಟ್‌ಬುಕ್ ಒಂದಕ್ಕೆ ಕೆಂಪು ಗೆರೆಯ ಮಾರ್ಜಿನ್ ಎಳೆದು, ಪಾಠದ ಟಿಪ್ಪಣಿಯ ಹಾಗೆ ಕನ್ನಡದಲ್ಲಿ ಬರೆದುಕೊಳ್ಳತೊಡಗಿದರು. ಮೇ ತಿಂಗಳಲ್ಲಿ ಇಲ್ಲಿ ರಾತ್ರಿ ಒಂಬತ್ತು ಗಂಟೆಗೂ ಬಿಸಿಲು. ಊಟಕ್ಕೆ ಕೂತಾಗ ಕಿಟಕಿಯ ಬೆಳಕಿನಲ್ಲಿ ನೋಟ್‌ಬುಕ್ ತಟ್ಟೆಯ ಪಕ್ಕದಲ್ಲೇ ಇರುತ್ತಿತ್ತು.

‘ಎರಡು ಗೋಡೆ ಕಟ್ಟಿದ್ದೇ ತಪ್ಪಾಯ್ತು ನೋಡು. ಒಂದೇ ಕಟ್ಟಿದ್ರೆ ಓಡ್ಬಹುದಿತ್ತು.’

‘ಹ್ಞೂ. ಉಪ್ಪು ಕಮ್ಮಿ ಆಗೈತೆ.’

‘ಕೇಳು ಇಲ್ಲಿ. ಯುದ್ಧ ಮುಗೀತು. ಸ್ವೀಡನ್‌ನೋರು ಗೆದ್ರು. ಗೆದ್ದ ಮೇಲೆ ಏನ್ ಮಾಡಿದ್ರು ಹೇಳು ನೋಡಣ?’

ಮೇಷ್ಟ್ರ ಚಟ. ಸುಮ್ಮನೆ ಹೇಳಿ ಮುಗಿಸುವುದಿಲ್ಲ, ಕೇಳಿ ಹೇಳಬೇಕು. ‘ಕುಡಿದಿರ್ತಾರೆ,’ ಎಂದೆ.

‘ಅದೂ ಮಾಡಿದ್ರು. ಆದ್ರೆ ಮುರಿದು ಬಿದ್ದಿತ್ತಲ್ಲ ಸೇತುವೆ, ಅದನ್ನ ರಿಪೇರಿ ಮಾಡಿಸಿದ್ರು. ಯಾರಿಗೆ? ಸೋತೋರಿಗೆ. ದಾಟ್ಕೊಂಡು ಮನೆಗೆ ಹೋಗ್ಲಿ ಅಂತ. ಯಾಕೆ ಹೇಳು?’

‘ನಮ್ಮ ಆಟದಲ್ಲಿ ಅದಿಲ್ಲ ರೀ. ಸೇತುವೆ ಬೀಳುತ್ತೆ, ಗಾಡಿಗಳ ಹತ್ರ ಹೊಡೆದಾಟ ಆಗುತ್ತೆ, ಆಟ ಮುಗಿಯುತ್ತೆ.’

‘ಅಯ್ಯೋ, ಮುಖ್ಯವಾದದ್ದೇ ಬಿಟ್ಟಿದೀರಲ್ಲ!’

‘ಈಮರ್‌ಗೆ ಹೇಳ್ತೀನಿ ಬಿಡಿ,’ ಎಂದು ಫೋನು ಕೈಗೆತ್ತಿಕೊಂಡೆ. ಈಮರ್ ನಮ್ಮ ಕಂಪನಿಯ ಮುಖ್ಯಸ್ಥೆ. ಅವಳಿಗೆ ನಾನೇನೂ ಹೇಳಲಿಲ್ಲ. ಯಾಕೆ ಕಟ್ಟಿಸಿದರು ಎಂದು ಗಂಡನನ್ನೂ ಕೇಳಲಿಲ್ಲ. ಅವರು ನೋಟ್‌ಬುಕ್ ಮುಚ್ಚಿ ಉಪ್ಪಿನ ಡಬ್ಬಿ ತಂದುಕೊಟ್ಟರು.

ಮೇ ಎರಡನೇ ಶನಿವಾರ ನಮ್ಮಲ್ಲಿ ದೊಡ್ಡ ಪರೀಕ್ಷೆ ಇತ್ತು. ಹೊರಗಿನ ಹದಿನಾರು ಜನರನ್ನು ಕರೆಸಿ, ಎಂಟು ಜನರ ಎರಡು ಪಡೆ ಮಾಡಿ, ಒಂದು ಗಂಟೆ ಆಡಿಸಿ, ಪಿಜ್ಜಾ ತಿನ್ನಿಸಿ ಕಳಿಸುವುದು ಈಮರ್‌ಳ ಪದ್ಧತಿ. ಎಲ್ಲರ ಪರದೆಯೂ ದನಿಯೂ ರೆಕಾರ್ಡ್ ಆಗುತ್ತದೆ, ಸೋಮವಾರ ನಾನೂ ನೂಮಾನನೂ ಅದನ್ನು ಕೂತು ನೋಡುತ್ತೇವೆ. ಬೆಳಿಗ್ಗೆ ಮೂವರು ಬರುವುದಿಲ್ಲ ಎಂದರು.

‘ಅಕ್ಕ, ಮೇಷ್ಟ್ರನ್ನ ಕರ್ಕೊಂಡ್ ಬನ್ನಿ,’ ಎಂದ ನೂಮಾನ್. ‘ಒಂದ್ ಸೀಟಿಗೆ ಅವ್ರು, ಒಂದಕ್ಕೆ ನಾನು, ಇನ್ನೊಂದಕ್ಕೆ ನನ್ ರೂಮ್‌ಮೇಟ್. ಈ ಯುದ್ಧ ನಮಗಿಂತ ಅವ್ರಿಗೇ ಜಾಸ್ತಿ ಗೊತ್ತು.’

ನನ್ನ ಗಂಡ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ನೋಟ್‌ಬುಕ್ ಹಿಡಿದುಕೊಂಡು ಬಂದರು. ಹದಿನಾಲ್ಕನೇ ಸೀಟು, ರಷ್ಯದ ಕಡೆ. ಮೇಜಿನ ಮೇಲೆ ಸೂಚನೆಯ ಹಾಳೆ ಇತ್ತು: ಎಲ್ಲಾದರೂ ಸಿಕ್ಕಿಕೊಂಡರೆ ಕೈ ಎತ್ತಿ, ನಮ್ಮವರು ಬಂದು ಬಿಡಿಸುತ್ತಾರೆ. ಅವರು ಅದನ್ನು ಎರಡು ಸಲ ಓದಿದ್ದನ್ನು ನಾನು ನೋಡಿದೆ. ಆಮೇಲೆ ಅವರ ಕಡೆ ನೋಡಲು ನನಗೆ ಪುರುಸೊತ್ತಾಗಲಿಲ್ಲ. ಡಬ್ಲಿನ್‌ನಿಂದ ಬಂದಿದ್ದ ಇಬ್ಬರು ದೊಡ್ಡವರಿಗೆ ಈಮರ್ ಎಲ್ಲ ತೋರಿಸುತ್ತಿದ್ದಳು, ನಾನು ಅವಳ ಹಿಂದೆ ಹಿಂದೆ ಓಡಾಡುತ್ತಿದ್ದೆ. ಮುಗಿದ ಮೇಲೆ ಎಲ್ಲರಂತೆ ಅವರೂ ಫಾರ್ಮ್ ತುಂಬಿದರು. ಎಲ್ಲಿ ಸಿಕ್ಕಿಕೊಂಡಿರಿ ಎಂಬ ಪ್ರಶ್ನೆಯ ಮುಂದೆ ಮುದ್ದಾದ ಅಕ್ಷರದಲ್ಲಿ ‘ಎಲ್ಲೂ ಇಲ್ಲ’ ಎಂದು ಬರೆದಿದ್ದರು.

ಭಾನುವಾರ ಬೆಳಿಗ್ಗೆ ಫ್ರಿಡ್ಜಿನ ಮೇಲೆ ಮ್ಯಾಗ್ನೆಟ್ ಮಾತ್ರ ಇತ್ತು. ಕಾಗದಕ್ಕೆ ಸಹಿ ಹಾಕಿ ನನ್ನ ಬ್ಯಾಗಿನ ಮೇಲಿಟ್ಟಿದ್ದರು.

‘ಸ್ಕ್ಯಾನರ್ ಇರೋದು ನಿಮ್ ಆಫೀಸಲ್ಲಿ ತಾನೆ. ನಾಳೆ ನೀನೇ ಕಳಿಸ್ಬಿಡು.’

‘ಬೇಜಾರಾಯ್ತೇನ್ರೀ?’

‘ಇಲ್ಲ ಬಿಡು, ಗ್ರಾಂಡ್.’

ಸುಳ್ಳು ಹೇಳುವುದಿಲ್ಲ, ನನಗೆ ಆಗ ಅನ್ನಿಸಿದ್ದು ನೆಮ್ಮದಿ. ಗೆದ್ದೆನಲ್ಲ ಎಂಬ ಖುಷಿಯೂ ಸ್ವಲ್ಪ ಇತ್ತು. ಅವತ್ತು ಅವರಿಗೆ ಇಷ್ಟವೆಂದು ಮಂಡಕ್ಕಿ ಒಗ್ಗರಣೆ ಮಾಡಿದೆ. ಎಲ್ಲ ತಿಂದರು, ಚೆನ್ನಾಗಿದೆ ಎಂದರು.

ಸೋಮವಾರ ಒಂಬತ್ತಕ್ಕೆ ರೆಕಾರ್ಡಿಂಗ್ ಹಾಕಿಕೊಂಡು ಕೂತೆವು. ಸ್ಕ್ಯಾನ್ ಮಾಡಬೇಕಾದ ಕಾಗದ ಬ್ಯಾಗಿನಲ್ಲಿತ್ತು, ಮಧ್ಯಾಹ್ನ ಮಾಡಿದರಾಯಿತು ಎಂದುಕೊಂಡಿದ್ದೆ.

‘ಅಕ್ಕ, ಇಲ್ನೋಡಿ,’ ಎಂದ ನೂಮಾನ್. ‘ಒಬ್ಬ ರಷ್ಯದವ್ನು ಐವತ್ತೆರಡು ನಿಮಿಷ ನಿಂತಲ್ಲೇ ನಿಂತವ್ನೆ. ಶನಿವಾರ ನಾನೇ ಸ್ವೀಡನ್ ಕಡೆಯಿಂದ ನಾಲ್ಕು ಸಲ ಗುಂಡು ಹೊಡ್ದೆ, ಸಾಯ್ಲೇ ಇಲ್ಲ. ಗಾಡಿ ಒಳಗಡೆ ಸಿಕ್ಹಾಕ್ಕೊಂಡ್ರೆ ಗುಂಡೂ ತಾಗಲ್ಲ ಅನ್ಸತ್ತೆ. ಒಳ್ಳೇ ಬಗ್ ಅಕ್ಕ ಇದು!’

‘ಯಾವ ಸೀಟು?’

ಅವನು ಪಟ್ಟಿ ನೋಡಿದ. ಆಮೇಲೆ ನನ್ನ ಮುಖ ನೋಡಿದ. ‘ಹದಿನಾಲ್ಕು,’ ಎಂದ.

ಇಬ್ಬರೂ ಹೆಡ್‌ಫೋನ್ ಹಾಕಿಕೊಂಡೆವು. ಆಟ ಶುರುವಾದ ಎಂಟನೇ ನಿಮಿಷಕ್ಕೆ ನನ್ನ ಗಂಡನ ಸೈನಿಕ ಎರಡು ಗಾಡಿಗಳ ನಡುವಿನ ಸಂದಿಗೆ ಹೋದ. ಅಷ್ಟೇ, ಸಿಕ್ಕಿಕೊಂಡ. ಎಡಕ್ಕೆ ಎಳೆದು ನೋಡಿದರು, ಬಲಕ್ಕೆ ಎಳೆದರು, ಹಾರಿದರು, ಕುಳಿತು ಎದ್ದರು. ಒಂದಾದ ಮೇಲೊಂದು, ಕ್ರಮವಾಗಿ, ಯಾವುದನ್ನೂ ಬಿಡದೆ. ನಾನೂ ಅದೇ ಕ್ರಮದಲ್ಲಿ ಮಾಡುತ್ತೇನೆ. ಎರಡು ನಿಮಿಷದ ಮೇಲೆ ಬಿಟ್ಟುಬಿಟ್ಟರು. ಸೈನಿಕ ನಿಧಾನವಾಗಿ ತಿರುಗಿ ನದಿಯ ಕಡೆ ಮುಖ ಮಾಡಿದ. ಸೇತುವೆ ಇನ್ನೂ ಬಿದ್ದಿರಲಿಲ್ಲ, ಜನ ಅದರ ಮೇಲೆ ಓಡುತ್ತಿದ್ದರು. ಹಿಮ ಬೀಳುತ್ತಿತ್ತು.

ಆಗ ಹೆಡ್‌ಫೋನಿನಲ್ಲಿ ನನ್ನದೇ ದನಿ ಕೇಳಿಸಿತು. ‘ಏನ್ರೀ, ಎಲ್ಲ ಸರಿ ಐತಾ?’ ಓಡುತ್ತ ಓಡುತ್ತ ಕೇಳಿದ ದನಿ. ಹಿಂದೆಯೇ ಈಮರ್‌ಳ ಮಾತು, ಡಬ್ಲಿನ್‌ನವರ ನಗು.

‘ಗ್ರಾಂಡ್, ಗ್ರಾಂಡ್. ನೀನು ಹೋಗು,’ ಎಂದರು ಅವರು.

ನನ್ನ ಹೆಜ್ಜೆಯ ಸದ್ದು ದೂರವಾಯಿತು. ನಾನು ಪರದೆಯ ಕಡೆ ತಿರುಗಿಯೂ ನೋಡಿರಲಿಲ್ಲ. ನೋಡಿದ್ದರೆ ಮೂರು ಸೆಕೆಂಡಿನಲ್ಲಿ ಗೊತ್ತಾಗುತ್ತಿತ್ತು, ಅದೇ ತಾನೆ ನನ್ನ ಕಸುಬು.

ಆಮೇಲೆ ಬಲು ಮೆಲ್ಲಗೆ, ಪಕ್ಕದ ಸೀಟಿನವರಿಗೂ ಕೇಳದಷ್ಟು ಮೆಲ್ಲಗೆ, ಅವರು ಮಾತಾಡತೊಡಗಿದರು.

‘ನೋಡ್ರಪ್ಪ, ಗಲಾಟೆ ಬೇಡ. ಪುಸ್ತಕ ಮುಚ್ಚಿ. ನಾವೀಗ ನಾರ್ವಾದಲ್ಲಿ ನಿಂತಿದೀವಿ. ಮುಂದೆ ಏನು ಕಾಣ್ತೈತೆ? ನದಿ. ಈ ಕಡೆ? ಗೋಡೆ. ಆ ಕಡೆ? ಇನ್ನೊಂದು ಗೋಡೆ. ಈ ಗೋಡೆಗಳನ್ನ ಕಟ್ಟಿದೋರು ಯಾರು? ಹಾಂ, ಹೇಳಮ್ಮ. ಕೊನೇ ಬೆಂಚು, ನೀನೇ.’

ತಡೆದರು. ಹದಿನಾಲ್ಕು ವರ್ಷದ ಹುಡುಗಿಯೊಬ್ಬಳು ಎದ್ದು ನಿಂತು ಧೈರ್ಯ ಮಾಡಿ ಉತ್ತರ ಹೇಳಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ತಡೆದರು.

‘ಸರಿಯಾಗಿ ಹೇಳ್ದೆ. ಇವರೇ ಕಟ್ಕೊಂಡಿದ್ದು. ಕೂತ್ಕೊ.’

ಮದುವೆಯಾಗಿ ಹದಿಮೂರು ವರ್ಷ. ನನ್ನ ಗಂಡ ಪಾಠ ಮಾಡುವುದನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ಮನೆಯಲ್ಲಿ ಅವರ ದನಿಗೆ ಯಾವಾಗಲೂ ಒಂದು ಅನುಮಾನ, ಹೇಳಲೋ ಬೇಡವೋ ಎನ್ನುವ ತಡವರಿಕೆ. ಈ ದನಿಗೆ ಅದು ಇರಲೇ ಇಲ್ಲ. ಈ ಮನುಷ್ಯನನ್ನು ನಾನು ಅತ್ಲೋನ್‌ನಲ್ಲಿ ಎಂದೂ ನೋಡಿರಲಿಲ್ಲ. ಪರದೆಯ ಮೇಲೆ ಸೇತುವೆ ಕುಸಿಯಿತು. ಅವರು ಅದನ್ನು ತೋರಿಸಿ, ಎಷ್ಟು ಜನ ಮುಳುಗಿದರೋ ಸರಿಯಾಗಿ ಯಾರಿಗೂ ಗೊತ್ತಿಲ್ಲ ಎಂದು ಹೇಳಿ, ತರಗತಿಯನ್ನು ಒಂದು ಗಳಿಗೆ ಸುಮ್ಮನೆ ಬಿಟ್ಟರು. ನೂಮಾನನ ಗುಂಡುಗಳು ನಾಲ್ಕು ಸಲ ಮುಖಕ್ಕೆ ಬಂದವು. ಅವರು ಪಾಠ ನಿಲ್ಲಿಸಲಿಲ್ಲ.

‘ಈಗ ಒಂದು ಪ್ರಶ್ನೆ. ಗೆದ್ದೋರು ಸೇತುವೆ ಯಾಕೆ ಕಟ್ಟಿಸ್ಕೊಟ್ರು? ಕರುಣೆನಾ? ಅಲ್ಲ. ಗೆದ್ದೋರು ಇದ್ದಿದ್ದೇ ಸ್ವಲ್ಪ ಜನ. ಸೋತೋರು ಅವರಿಗಿಂತ ಎಷ್ಟೋ ಜಾಸ್ತಿ. ಹಿಡ್ಕೊಂಡು ಕಾಯೋಕೆ ಕೈಲಾಗಲ್ಲ. ಬೆಳಕಾದ ಮೇಲೆ ಸೋತೋರು ಸುತ್ತ ನೋಡಿ, ಅರೆ, ನಮ್ಮನ್ನ ಹಿಡ್ಕೊಂಡಿರೋರು ಇಷ್ಟೇ ಜನಾನಾ ಅಂದ್ಬಿಟ್ರೆ? ಆ ಭಯ. ಹಿಡ್ಕೊಂಡಿರೋರಿಗೂ ಭಯ ಇರುತ್ತೆ. ಪರೀಕ್ಷೆಗೆ ಬರಲ್ಲ ಇದು, ಆದ್ರೂ ಬರ್ಕೊಳ್ಳಿ.’

ಹೀಗೇ ಅರ್ಧ ಗಂಟೆಗೂ ಮೇಲೆ. ಕೊನೆಯಲ್ಲಿ ಆಟ ಮುಗಿಯಿತೆಂಬ ಗಂಟೆ ಬಾರಿಸಿತು.

‘ಬೆಲ್ ಆಯ್ತು, ಹೋಗ್ರಪ್ಪ. ನಾಳೆ...’ ಎಂದವರು ಅಲ್ಲಿಗೇ ನಿಲ್ಲಿಸಿದರು. ಕುರ್ಚಿ ಹಿಂದಕ್ಕೆ ಸರಿದ ಸದ್ದಾಯಿತು. ನಾಳೆ ಏನು ಎಂದು ಹೇಳಲಿಲ್ಲ.

ನೂಮಾನ್ ತನ್ನ ಹೆಡ್‌ಫೋನ್ ತೆಗೆದಿಟ್ಟು, ‘ಟೀ ತರ್ತೀನಿ ಅಕ್ಕ,’ ಎಂದು ಎದ್ದುಹೋದ. ನಾನು ಅತ್ತೆ. ಆಫೀಸಿನಲ್ಲಿ, ಬೆಳಿಗ್ಗೆ ಹತ್ತು ಗಂಟೆಗೆ, ಕನ್ನಡಕ ತೆಗೆದಿಟ್ಟು ಅತ್ತೆ. ನಾಚಿಕೆಯಾಯಿತು, ಸಿಟ್ಟೂ ಬಂತು. ಅವರ ಮೇಲಲ್ಲ. ಜನ ಏನಂತಾರೆ ಎಂದದ್ದು, ಕಾರ್ಕ್ ಎಂದದ್ದು, ಹದಿನಾಲ್ಕು ತಿಂಗಳು ಎಂದದ್ದು, ಎಲ್ಲದರ ಹಿಂದೆ ನಿಂತಿದ್ದದ್ದು ಒಂದೇ. ಕೆಲಸ ಮುಗಿಸಿ ಬಂದು ಬೀಗ ತೆಗೆದರೆ ಮನೆಯಲ್ಲಿ ಯಾರೂ ಇರುವುದಿಲ್ಲ ಎಂಬ ಭಯ. ನನ್ನ ಸೈನ್ಯದಲ್ಲಿ ಇದ್ದವಳು ನಾನೊಬ್ಬಳೇ.

ಗಾಡಿಯ ಸಂದಿಯ ಬಗ್ಗೆ ಒಂದು ದೂರು ಬರೆದು ಹಾಕಿದೆ. ಸೇತುವೆಯ ಬಗ್ಗೆ ಇನ್ನೊಂದು ಬರೆದೆ: ಸೋತವರು ಹೊರಗೆ ಹೋಗಲು ದಾರಿ ಇಲ್ಲ, ಇತಿಹಾಸದಲ್ಲಿ ಇತ್ತು. ಆಮೇಲೆ ಕನ್ನಡದಲ್ಲಿ ನಾಲ್ಕು ಸಾಲಿನ ಕಾಗದವೊಂದನ್ನು ಟೈಪ್ ಮಾಡಿ ಪ್ರಿಂಟ್ ತೆಗೆದು, ಹನ್ನೊಂದಕ್ಕೆ ಸರಿಯಾಗಿ ಸೂಪರ್‌ಮಾರ್ಕೆಟ್‌ನ ಹಿಂಬಾಗಿಲಲ್ಲಿ ಹೋಗಿ ನಿಂತೆ.

ನನ್ನನ್ನು ನೋಡಿ ಅವರಿಗೆ ಗಾಬರಿಯಾಯಿತು. ಏನೂ ಇಲ್ಲ ಬನ್ನಿ ಎಂದು ಸೇತುವೆಯವರೆಗೆ ಕರೆದುಕೊಂಡು ಹೋದೆ.

‘ಕಳಿಸಿದ್ಯಾ?’ ಎಂದು ಕೇಳಿದರು.

‘ಇಲ್ಲ. ಇದನ್ನ ಓದಿ.’

ಜೂನ್ ಒಂದರಂದು ಕರ್ತವ್ಯಕ್ಕೆ ಹಾಜರಾಗುತ್ತೇನೆ ಎಂದು ಅದರಲ್ಲಿತ್ತು. ಅವರು ಎರಡು ಸಲ ಓದಿದರು. ‘ಏನೇ ಇದು?’

‘ನಿಮ್ ಪಾಠ ಕೇಳ್ದೆ ರೀ.’

ಅವರ ಮುಖ ಕೆಂಪಾಯಿತು. ‘ಮಾತೂ ರೆಕಾರ್ಡ್ ಆಗುತ್ತಾ? ಸ್ಕ್ರೀನು ಮಾತ್ರ ಅನ್ಕೊಂಡಿದ್ದೆ.’

‘ಕೈ ಯಾಕೆ ಎತ್ಲಿಲ್ಲ? ಹದಿನೆಂಟು ವರ್ಷ ಮಕ್ಕಳಿಗೆ ಕೈ ಎತ್ತಿ ಕೈ ಎತ್ತಿ ಅಂತ ಹೇಳ್ದೋರು!’

‘ನಿಮ್ ಬಾಸ್ ಇದ್ಲಲ್ಲ, ದೊಡ್ಡೋರೂ ಬಂದಿದ್ರು. ಇವಳ ಗಂಡನೇ ಮೊದ್ಲು ಸಿಕ್ಹಾಕ್ಕೊಂಡ ಅಂತ ಆಗ್ಬಾರ್ದು ಅಂತ.’

‘ಆದ್ರೆ ಆಗ್ಲಿ ರೀ! ಹುಡುಕೋದೇ ನನ್ ಕೆಲ್ಸ! ಊರೋರನ್ನೆಲ್ಲ ಬಿಡಿಸ್ತೀನಿ, ನೀವು ಹೇಳೋಕಾಗಲ್ವಾ?’ ನನ್ನ ದನಿ ಏರಿತು. ದಾರಿಯಲ್ಲಿ ಹೋಗುತ್ತಿದ್ದ ಮುದುಕಿಯೊಬ್ಬಳು ತಿರುಗಿ ನೋಡಿದಳು.

‘ಹೇಳಿದ್ದೆ,’ ಎಂದರು ಅವರು. ಸಿಟ್ಟಿಲ್ಲದೆ ಹೇಳಿದರು. ‘ಏಪ್ರಿಲ್‌ನಲ್ಲಿ ಹೇಳಿದ್ದೆ.’

ನಾನು ಸೇತುವೆಯ ಕಲ್ಲಿಗೆ ಒರಗಿದೆ. ಕೆಳಗೆ ಶಾನನ್ ತನ್ನ ಪಾಡಿಗೆ ಹರಿಯುತ್ತಿತ್ತು.

‘ನಂಗೆ ಒಬ್ಳೇ ಇರೋಕೆ ಭಯ ರೀ,’ ಎಂದೆ. ‘ಜನ ಏನಂತಾರೆ ಅಂದಿದ್ದು ಸುಳ್ಳು. ಭಯ, ಅಷ್ಟೆ. ಹಂಗಂತ ನಿಮ್ಮನ್ನ ಇಟ್ಕೊಂಡಿರೋಕಾಗಲ್ಲ. ನೀವು ಹೋಗಿ.’

‘ಹದಿನಾಲ್ಕು ತಿಂಗಳು ಆದ್ಮೇಲೆ?’

‘ಗೊತ್ತಿಲ್ಲ. ನಾನು ಅಲ್ಲಿಗೆ ಬರ್ತೀನಿ ಅಂತ ಈಗ ಹೇಳಿದ್ರೆ ಅದೂ ಸುಳ್ಳಾಗುತ್ತೆ.’

ಅವರು ನೀರಿನ ಕಡೆ ತಿರುಗಿದರು. ‘ಸ್ವೀಡನ್‌ನೋರು ಎಲ್ಲರನ್ನೂ ಬಿಡ್ತೀವಿ ಅಂತ ಮಾತು ಕೊಟ್ಟು, ದೊಡ್ಡ ದೊಡ್ಡ ಅಧಿಕಾರಿಗಳನ್ನ ಇಟ್ಕೊಂಡ್ಬಿಟ್ರು, ಗೊತ್ತಾ?’

‘ನಾನೇನೂ ಇಟ್ಕೊಳ್ಳಲ್ಲ.’ ಎರಡು ಹೆಜ್ಜೆ ನಡೆದ ಮೇಲೆ ತಡೆಯಲಾಗಲಿಲ್ಲ. ‘ಆ ನೋಟ್‌ಬುಕ್ ಒಂದು ಇರ್ಲಾ?’

‘ಅದು ನಂಗೆ ಬೇಕು ಕಣೇ,’ ಎಂದರು. ‘ಒಂಬತ್ತನೇ ಕ್ಲಾಸಿಗೆ.’

ಸರಿ ಎಂದೆ. ಕಾಗದವನ್ನು ಸೇತುವೆಯ ಕಲ್ಲಿನ ಮೇಲೆ ಹರಡಿ, ಗಾಳಿಗೆ ಹಾರದ ಹಾಗೆ ನಾನು ಎರಡು ಮೂಲೆ ಒತ್ತಿ ಹಿಡಿದೆ. ಅವರು ಸಹಿ ಹಾಕಿದರು.

ಇದೆಲ್ಲ ಆಗಿ ಎರಡು ತಿಂಗಳಾಯಿತು. ಸೇತುವೆಯ ವಿಷಯ ಈಮರ್‌ಗೆ ಹಿಡಿಸಿತು, ಯಾರು ಹೇಳಿದ್ದು ಎಂದು ಕೇಳಿದಳು. ಹದಿನಾಲ್ಕನೇ ಸೀಟಿನವರು ಎಂದೆ. ಈಗ ಆಟ ಗಾಡಿಗಳ ಹತ್ತಿರದ ಹೊಡೆದಾಟಕ್ಕೇ ಮುಗಿಯುವುದಿಲ್ಲ. ಸ್ವೀಡನ್ನಿನವರು ಮರ ಹೊತ್ತು ತಂದು ಬಿದ್ದ ಸೇತುವೆಯನ್ನು ಕಟ್ಟುತ್ತಾರೆ, ಸೋತವರು ಸಾಲಾಗಿ ದಾಟುತ್ತಾರೆ. ಯಾರೂ ಎಲ್ಲೂ ಸಿಕ್ಕಿಕೊಳ್ಳದ ಹಾಗೆ ನೋಡಿಕೊಳ್ಳುವುದು ನನ್ನ ಕೆಲಸ. ಒಂದು ವಾರ ರಷ್ಯದ ಸೈನಿಕರನ್ನು ಒಬ್ಬೊಬ್ಬರಾಗಿ ದಾಟಿಸಿದೆ. ಎಲ್ಲರೂ ಸಲೀಸಾಗಿ ಹೋದರು.

ಮನೆಯಲ್ಲಿ ಒಬ್ಬಳಿಗೆ ಎಂದು ಮಾಡಿದ ಸಾರು ಮೂರು ದಿನ ಬರುತ್ತದೆ. ಉಪ್ಪು ಸರಿಯಾಗಿಯೇ ಇರುತ್ತದೆ. ಫ್ರಿಡ್ಜಿನ ಮೇಲೆ ಮ್ಯಾಗ್ನೆಟ್ ಹಾಗೇ ಇದೆ. ಕೆಲಸ ಬಿಡುವಂತಿಲ್ಲ, ಊರಿಗೆ ಹೋಗಿ ನಾಲ್ಕು ದಿನ ಇದ್ದು ಬರೋಣವೆಂದರೆ ಆಟ ಬಿಡುಗಡೆಯಾಗುವವರೆಗೆ ರಜೆಯಿಲ್ಲ. ಪರ್ಮಿಟ್ಟಿನ ಹದಿನಾಲ್ಕು ತಿಂಗಳು ಹೋಗಿ ಹನ್ನೆರಡಾಗಿದೆ, ಅಷ್ಟೇ.

ನಿನ್ನೆ ಮಧ್ಯಾಹ್ನ ಸುಮ್ಮನೆ ಸ್ವೀಡನ್ನಿನ ಸೈನಿಕನಾಗಿ ಸೇತುವೆ ದಾಟಲು ನೋಡಿದೆ. ಬುಡದಲ್ಲೇ ಡಿಕ್ಕಿ. ಕಣ್ಣಿಗೆ ಏನೂ ಕಾಣುವುದಿಲ್ಲ, ಆದರೆ ಮುಂದಕ್ಕೆ ಹೋಗಲಾಗುವುದಿಲ್ಲ. ಎಡಕ್ಕೆ, ಬಲಕ್ಕೆ, ಹಾರಿ, ಕುಳಿತು, ಕ್ರಮವಾಗಿ ಎಲ್ಲ ಮಾಡಿದೆ. ದೂರು ಬರೆಯಲು ಹೊರಟಾಗ ನೂಮಾನ್ ಇಣುಕಿ ನೋಡಿದ.

‘ಅದು ಬಗ್ ಅಲ್ಲ ಅಕ್ಕ. ಗೆದ್ದೋರು ದಾಟಂಗಿಲ್ಲ, ಮಾಡಿರೋದೇ ಹಂಗೆ.’

ಅಷ್ಟರಲ್ಲಿ ಫೋನು ಬಂತು. ಇಲ್ಲಿ ಹನ್ನೆರಡೂವರೆ, ಅಲ್ಲಿ ಶಾಲೆ ಬಿಡುವ ಹೊತ್ತು. ಹಿಂದೆ ಮಕ್ಕಳ ಗದ್ದಲ ಕೇಳುತ್ತಿತ್ತು.

‘ಇವತ್ತು ಒಂಬತ್ತನೇ ಕ್ಲಾಸಿಗೆ ನಾರ್ವಾ ಮಾಡ್ದೆ,’ ಎಂದರು ನನ್ನ ಗಂಡ. ‘ಸಿಲಬಸ್‌ನಲ್ಲಿಲ್ಲ, ಆದ್ರೂ ಮಾಡ್ದೆ. ಕೊನೇ ಬೆಂಚಿನ ಹುಡುಗಿ ಒಬ್ಳು ಎದ್ದು ನಿಂತು ಕೇಳಿದ್ಲು. ಸರ್, ಸೋತೋರು ಮನೆಗೆ ಹೋದ್ರು ಸರಿ, ಗೆದ್ದೋರು ಏನ್ ಮಾಡಿದ್ರು ಅಂತ.’

‘ನೀವೇನಂದ್ರಿ?’

‘ಅವರು ಆ ಕಡೆನೇ ಉಳ್ಕೊಂಡ್ರು, ಚಳಿಗಾಲ ಪೂರ್ತಿ. ತುಂಬ ಜನ ಕಾಯಿಲೆ ಬಿದ್ದು ಸತ್ರು ಅಂದೆ.’ ಆಮೇಲೆ ಕೇಳಿದರು, ‘ನೀನು ಹೆಂಗಿದೀಯ?’

ಗ್ರಾಂಡ್ ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅವರು ಹೋದಾಗಿನಿಂದ ದಿನಾ ಅದನ್ನೇ ಹೇಳಿದ್ದೆ. ಪರದೆಯ ಮೇಲೆ ನನ್ನ ಸೈನಿಕ ಸೇತುವೆಯ ಬುಡದಲ್ಲಿ ಹಿಮಕ್ಕೆ ಮುಖ ಕೊಟ್ಟು ನಿಂತಿದ್ದ.

‘ಸಿಕ್ಹಾಕ್ಕೊಂಡಿದೀನಿ ರೀ,’ ಎಂದೆ.

ಗದ್ದಲ ದೂರವಾಯಿತು, ಬಾಗಿಲೊಂದು ಮುಚ್ಚಿದ ಸದ್ದಾಯಿತು. ನನಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ತಡೆದರು.

‘ಹಾಂ,’ ಎಂದರು ಆಮೇಲೆ, ರೆಕಾರ್ಡಿಂಗ್‌ನಲ್ಲಿ ಕೇಳಿದ್ದ ಆ ದನಿಯಲ್ಲಿ. ‘ಹೇಳಮ್ಮ.’